ಮೇಲುಮನವಿಯ ವಕೀಲ

ಹರಪನಹಳ್ಳಿಯ ಸಮೀಪದ ಬಾಗಳಿಗೆ ಹೋಗುವವರು ಬಹುಮಟ್ಟಿಗೆ ಕಲ್ಲೇಶ್ವರ ದೇವಾಲಯದ ಶಿಲ್ಪವನ್ನು ನೋಡಿ ಹಿಂದಿರುಗುತ್ತಾರೆ. ಆ ಊರಿನಲ್ಲಿ ಮೂವತ್ತಕ್ಕೂ ಮಿಕ್ಕ ಶಾಸನಗಳುಂಟು. ಅವುಗಳಲ್ಲೊಂದು 987ನೆಯ ಇಸವಿಯದು, ಚಾಲುಕ್ಯ ತೈಲಪನ ಆಳಿಕೆಗೆ ಸೇರಿದುದು. ಕೊಟ್ಟ ದತ್ತಿಯನ್ನು ಕಲ್ಲಿನಲ್ಲಿ ಕೆತ್ತಿಸುವುದೇಕೆ? ಮುಂದೆ ಯಾರಾದರೂ ಅಲ್ಲಗಳೆದರೆ ತೋರಿಸಲು ಪ್ರಮಾಣವೊಂದಿರಬೇಕೆಂದು.

ಪ್ರಮಾಣದ ಈ ವಿಚಾರವನ್ನು ಶಾಸ್ತ್ರವಾಗಿ ವಿಸ್ತರಿಸಿದವನು ಅದೇ ಚಾಲುಕ್ಯರ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರ ನಡುವೆ, ಅವನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳು ಅಲ್ಲಿ ನಿರೂಪಿತವಾಗಿವೆ. ಕುಲದವರ ತೀರ್ಪಿಗೆ ಒಪ್ಪದವನು ಶ್ರೇಣಿಗೂ, ಅಲ್ಲಿಂದ ಪೂಗಕ್ಕೂ, ಕಡೆಗೆ ರಾಜನು ನೇಮಿಸಿದ ಅಧಿಕಾರಿಗಳ ಬಳಿಗೂ ಹೋಗಬಹುದಾಗಿತ್ತು. ತಪ್ಪಾಗಿ ತೀರ್ಮಾನವಾದ ವ್ಯವಹಾರವನ್ನು ರಾಜನು ಮರಳಿ ನೋಡಿ, ಸಭ್ಯರಿಗೂ ಗೆದ್ದವನಿಗೂ ಇಮ್ಮಡಿ ದಂಡ ವಿಧಿಸಬೇಕು; ನ್ಯಾಯವಾಗಿಯೇ ಸೋತು, ಸೋಲಲಿಲ್ಲವೆಂದು ಮತ್ತೆ ಬಂದವನಿಗೂ ಇಮ್ಮಡಿ ದಂಡವೇ. ಅಂದಿನ ಸಭೆಯಲ್ಲಿ ಇಂದಿನಂತಹ ವಕೀಲವೃತ್ತಿ ಬೆಳೆದಿರಲಿಲ್ಲ. ತಂದೆ, ಮಗ, ಸೋದರ ಅಥವಾ ನಿಯುಕ್ತನಲ್ಲದವನು ಪರರ ಪರವಾಗಿ ಮಾತನಾಡಿದರೆ ದಂಡಾರ್ಹನೆಂದು ನಾರದಸ್ಮೃತಿ ಹೇಳುತ್ತದೆ.

1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಕಂಪೆನಿಯ ಕೈಸೇರಿತು. 1802ರ ಮದರಾಸು ಕಾಯಿದೆಗಳು ಅದಾಲತ್ತುಗಳನ್ನೂ ಸನ್ನದು ಪಡೆದ ವಕೀಲರನ್ನೂ ಏರ್ಪಡಿಸಿದುವು. 1862ರ ಬಳಿಕ ಈ ಸೀಮೆಯ ದಾವೆಯೊಂದು ಮುನ್ಸೀಫ್ ಕೋರ್ಟಿನಲ್ಲಿ ಹುಟ್ಟಿ, ಜಿಲ್ಲಾ ಕೋರ್ಟನ್ನು ದಾಟಿ, ಮದರಾಸಿನ ಹೈಕೋರ್ಟನ್ನೂ, ದೊಡ್ಡ ಮೊತ್ತದ್ದಾದರೆ ಲಂಡನ್ನಿನ ಪ್ರಿವಿ ಕೌನ್ಸಿಲನ್ನೂ ಮುಟ್ಟಬಹುದಾಗಿತ್ತು.

ಈ ಮೆಟ್ಟಲುಗಳಲ್ಲಿ ವಕೀಲನ ಕೆಲಸ ಒಂದೇ ಬಗೆಯದಲ್ಲ. ಕೆಳಗಿನ ಕೋರ್ಟಿನಲ್ಲಿ ಅವನು ಸಾಕ್ಷಿಯ ಮುಖವನ್ನು ನೋಡುತ್ತಾನೆ. ಪಾಟೀಸವಾಲಿನಲ್ಲಿ ಸ್ವರದ ತಡವರಿಕೆಯನ್ನು ಗುರುತಿಸುತ್ತಾನೆ. ಅಪೀಲಿನ ವಕೀಲನಿಗೆ ದೊರೆಯುವುದು ಕಾಗದ ಮಾತ್ರ. ಕೆಳಗೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಅವನು ಮೇಲೆ ಕೇಳಲಾರ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಮೊದಲ ಅಪೀಲಿನಲ್ಲಿ ಸಂಗತಿಯನ್ನೂ ಚರ್ಚಿಸಬಹುದು. ಎರಡನೆಯದರಲ್ಲಿ ನ್ಯಾಯಸೂತ್ರದ ಪ್ರಶ್ನೆಯೇ ಮುಖ್ಯ. 1976ರ ತಿದ್ದುಪಡಿಯು ಅದು ಗುರುತರವಾದ ಪ್ರಶ್ನೆಯಾಗಿರಬೇಕೆಂದು ಬಾಗಿಲನ್ನು ಇನ್ನೂ ಕಿರಿದಾಗಿಸಿತು.

ಕಾಗದದ ಮೇಲಿನ ಈ ವಾದವು ಕಲ್ಯಾಣದ ಗ್ರಂಥವನ್ನು ಲಂಡನ್ನಿಗೆ ಕೊಂಡೊಯ್ದಿತು. ಮಿತಾಕ್ಷರೆಯ ದಾಯಭಾಗವನ್ನು 1810ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ಪರಿವರ್ತಿಸಿದ್ದನು. 1868ರಲ್ಲಿ ರಾಮನಾಡಿನ ವಿಧವೆಯ ದತ್ತಕದ ಪ್ರಕರಣವನ್ನು ತೀರ್ಮಾನಿಸುತ್ತ ಪ್ರಿವಿ ಕೌನ್ಸಿಲು, ಸ್ಪಷ್ಟವಾಗಿ ಸಿದ್ಧವಾದ ಆಚಾರವು ಗ್ರಂಥವಚನಕ್ಕಿಂತ ಬಲವತ್ತರವೆಂದು ಹೇಳಿತು. ಆದರೆ ಆಚಾರವನ್ನು ಸಿದ್ಧಪಡಿಸಬೇಕಾದುದು ಊರಿನ ಸಾಕ್ಷಿಗಳಿಂದ, ಕೆಳಗಿನ ಕೋರ್ಟಿನಲ್ಲಿಯೇ. ಲಂಡನ್ನಿನ ಪಂಡಿತ ವಕೀಲನೂ ಮುನ್ಸೀಫ್ ಕೋರ್ಟಿನ ವಕೀಲನು ಕೂಡಿಸಿಟ್ಟ ಬಂಡವಾಳದಿಂದಲೇ ವ್ಯಾಪಾರ ನಡೆಸಬೇಕಾಗಿತ್ತು.

1949ರಲ್ಲಿ ಪ್ರಿವಿ ಕೌನ್ಸಿಲಿನ ಅಧಿಕಾರ ಮುಗಿಯಿತು. 1950ರಲ್ಲಿ ದೆಹಲಿಯ ಸರ್ವೋಚ್ಚ ನ್ಯಾಯಾಲಯ ಪ್ರಾರಂಭವಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಲು, ಮದರಾಸಿನ ದಾರಿ ಬೆಂಗಳೂರಿಗೆ ತಿರುಗಿತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಕುಳಿತ ಮೇಲೆ ಉತ್ತರದ ಜಿಲ್ಲೆಗಳ ಕಕ್ಷಿಗಾರರಿಗೆ ದೂರ ಕಡಮೆಯಾಯಿತು.

ದೂರ ಕಡಮೆಯಾದರೂ ಹೊಲವನ್ನು ಅಡವಿಟ್ಟು ಅಪೀಲಿಗೆ ಹೊರಡುವ ರೈತನ ಅಪಾಯ ಕಡಮೆಯಾಗದು. ತಪ್ಪು ತೀರ್ಪನ್ನು ತಿದ್ದಿಸಲೇಬೇಕು, ನ್ಯಾಯವಾದ ಸೋಲನ್ನು ಒಪ್ಪಲೇಬೇಕು ಎಂಬುದೇ ಆ ಎರಡು ಇಮ್ಮಡಿ ದಂಡಗಳ ತಾತ್ಪರ್ಯ. ಎದುರಿಗೆ ಕುಳಿತ ಕಕ್ಷಿಗಾರನದು ಇವೆರಡರಲ್ಲಿ ಯಾವುದೆಂದು ದಾಖಲೆಯನ್ನು ಓದಿ ಮೊದಲು ಹೇಳಬೇಕಾದವನು ಅಪೀಲಿನ ವಕೀಲ. ಗೆಲ್ಲದ ಅಪೀಲನ್ನು ಹೂಡಬೇಡವೆಂದು ಹೇಳಿ ಫೀಜನ್ನು ಬಿಟ್ಟುಕೊಟ್ಟವನ ಹೆಸರು ಯಾವ ಕಾಯಿದೆ ವರದಿಯಲ್ಲಿಯೂ ಅಚ್ಚಾಗುವುದಿಲ್ಲ; ಆ ರೈತನ ಹೊಲ ಮಾತ್ರ ಅವನ ಮಕ್ಕಳಿಗೆ ಉಳಿದಿರುತ್ತದೆ.