ಬಾರ್ಬಡೋಸಿನಲ್ಲಿ ಬಿಡುಗಡೆಯ ಲೆಕ್ಕ

ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪವನ್ನು ನಮ್ಮಲ್ಲಿ ಬಹುಮಂದಿ ಕ್ರಿಕೆಟ್ಟಿನ ಮೂಲಕವೇ ಬಲ್ಲರು. ಕೇವಲ 166 ಚದರ ಮೈಲಿ ವಿಸ್ತಾರದ ಈ ನಾಡಿನಲ್ಲಿ 1627ರಲ್ಲಿ ಇಂಗ್ಲಿಷರು ನೆಲೆಯೂರಿದರು. 1640ರ ದಶಕದಲ್ಲಿ ಕಬ್ಬಿನ ಬೇಸಾಯ ಹಬ್ಬಿತು. ಅದರ ಹಿಂದೆಯೇ ಆಫ್ರಿಕದಿಂದ ಗುಲಾಮರನ್ನು ಹಡಗುಗಟ್ಟಲೆ ತಂದು, ದನಕರುಗಳೊಡನೆ ತೋಟದ ಆಸ್ತಿಪಟ್ಟಿಯಲ್ಲಿ ಬರೆದುಕೊಳ್ಳಲಾಯಿತು.

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದುಪಡಿಸಿ, 2 ಕೋಟಿ ಪೌಂಡುಗಳ ಪರಿಹಾರವನ್ನು ಮಂಜೂರು ಮಾಡಿತು. ಆ ಪರಿಹಾರ ಸಂದದ್ದು ಗುಲಾಮರಿಗಲ್ಲ, ಒಡೆಯರಿಗೆ. ಬಾರ್ಬಡೋಸಿನ ಸುಮಾರು 83 ಸಾವಿರ ಗುಲಾಮರ ಬಾಬ್ತು ಅಲ್ಲಿನ ಒಡೆಯರಿಗೆ ಸುಮಾರು 17 ಲಕ್ಷ ಪೌಂಡು ದೊರೆಯಿತು. ಬಿಡುಗಡೆ ಹೊಂದಿದವರ ಹೆಸರಿಗೆ ಒಂದು ಕಾಸೂ ಜಮೆಯಾಗಲಿಲ್ಲ. ಬದಲಾಗಿ, 'ಕೆಲಸ ಕಲಿಯುವವರು' ಎಂಬ ಹೆಸರಿನಿಂದ 1838ರ ಆಗಸ್ಟ್ 1ರವರೆಗೆ ಅದೇ ಒಡೆಯರಲ್ಲಿ ಬಿಟ್ಟಿ ದುಡಿಯಬೇಕಾಯಿತು. ತಲೆತಲಾಂತರದಿಂದ ಕಬ್ಬು ಕಡಿದವರಿಗೆ ಕಲಿಯಲು ಇನ್ನೇನು ಉಳಿದಿತ್ತೋ! ಪರಿಹಾರಕ್ಕಾಗಿ ಸರ್ಕಾರ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ.

ಜಮೈಕದಲ್ಲಿ ಬಿಡುಗಡೆಯಾದವರು ಗುಡ್ಡಗಾಡುಗಳಿಗೆ ಹೋಗಿ ಸ್ವಂತ ಹಳ್ಳಿಗಳನ್ನು ಕಟ್ಟಿಕೊಂಡರು. ಬಾರ್ಬಡೋಸಿನಲ್ಲಿ ಅಂಥ ಖಾಲಿ ನೆಲವೇ ಇರಲಿಲ್ಲ. ಹೆಚ್ಚುಕಡಿಮೆ ಎಲ್ಲವೂ ತೋಟಗಳಿಗೆ ಸೇರಿತ್ತು. ಆದ್ದರಿಂದ ಕೂಲಿಗಾರನು ತೋಟದ ಅಂಚಿನ ತುಂಡು ನೆಲದಲ್ಲಿ ವಾಸಿಸಬೇಕು, ಅದೇ ತೋಟದಲ್ಲಿ ದುಡಿಯಬೇಕು, ತಪ್ಪಿದರೆ ಜಾಗ ಬಿಡಬೇಕು. 1840ರ ಕಾಯಿದೆ ಈ ಕಟ್ಟುಪಾಡಿಗೆ ಮುದ್ರೆಯೊತ್ತಿತು. ಒಂದು ತಿಂಗಳ ನೋಟೀಸಿನ ಮೇಲೆ ಎಬ್ಬಿಸಬಹುದಾದವನು ಅಡಿಪಾಯ ತೋಡುವುದುಂಟೆ? ಹೀಗಾಗಿ ಅಲ್ಲಿ ಬಿಡಿಕಲ್ಲುಗಳ ಮೇಲೆ ಕೂರಿಸಿದ, ಹಲಗೆ ಕಳಚಿ ಬೇರೆಡೆಗೆ ಸಾಗಿಸಬಹುದಾದ ಮರದ ಮನೆಗಳೇ ರೂಢಿಗೆ ಬಂದವು. ಇಂದು ಪ್ರವಾಸಿಗರು ಅವುಗಳ ಅಂದಕ್ಕೆ ಮರುಳಾಗುತ್ತಾರೆ.

ಮತದಾನದ ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ, ಆಸ್ತಿಯ ಮಾತಿತ್ತು. ಆಸ್ತಿಯಾದರೋ ಬಹುಪಾಲು ಬಿಳಿಯರ ಕೈಯಲ್ಲಿತ್ತು. 1843ರಲ್ಲಿ ಸ್ಯಾಮ್ಯುಯೆಲ್ ಜಾಕ್‌ಮನ್ ಪ್ರೆಸ್ಕಾಡ್ ಎಂಬ ಮಿಶ್ರವರ್ಣದ ಪತ್ರಕರ್ತರು ಶಾಸನಸಭೆಯನ್ನು ಪ್ರವೇಶಿಸಿದರೂ, ಎಲ್ಲ ವಯಸ್ಕರಿಗೂ ಮತಾಧಿಕಾರ ದೊರೆತದ್ದು 1950ರಲ್ಲಿ.

ಬಡವರ ಕೈಗೆ ಮೊದಲ ಬಾರಿ ತುಸು ಬಂಡವಾಳ ಬಂದದ್ದು ಹೊರನಾಡಿನಿಂದ. 1904ರಿಂದ 1914ರವರೆಗೆ ಅಮೆರಿಕನ್ನರು ಪನಾಮ ಕಾಲುವೆ ತೋಡಿಸಿದಾಗ ಸಾವಿರಾರು ಬಾರ್ಬಡೋಸಿಗರು ಅಲ್ಲಿಗೆ ಹೋದರು. ಅಲ್ಲಿಯೂ ಬಿಳಿಯರಿಗೆ ಚಿನ್ನದ ಪಟ್ಟಿ, ಕರಿಯರಿಗೆ ಬೆಳ್ಳಿಯ ಪಟ್ಟಿ ಎಂಬ ಸಂಬಳಭೇದವಿತ್ತು. ಆದರೂ ಉಳಿಸಿ ಕಳುಹಿಸಿದ ಹಣದಿಂದ ಹಲವರು ಊರಿನಲ್ಲಿ ತುಂಡು ಭೂಮಿ ಕೊಂಡರು. ಮಿಕ್ಕವರ ಸ್ಥಿತಿ ಹಾಗೆಯೇ ಉಳಿಯಿತು. 1937ರ ಜುಲೈಯಲ್ಲಿ ದಂಗೆಯೆದ್ದಾಗ 14 ಮಂದಿ ಸತ್ತರು. ಈ ದ್ವೀಪಗಳ ದುಃಸ್ಥಿತಿಯನ್ನು ತನಿಖೆ ಮಾಡಿದ ಮೊಯ್ನ್ ಆಯೋಗದ ಪೂರ್ಣ ವರದಿಯನ್ನು ಬ್ರಿಟಿಷ್ ಸರ್ಕಾರ 1945ರವರೆಗೆ ಪ್ರಕಟಿಸದೆ ಇರಿಸಿಕೊಂಡಿತು.

ಸ್ವಾತಂತ್ರ್ಯ ಬಂದದ್ದು 1966ರಲ್ಲಿ. ತೋಟದ ನೆಲದಲ್ಲಿ ಗೇಣಿಗಿದ್ದವರು ಮನೆಯ ಜಾಗವನ್ನು ಚದರ ಅಡಿಗೆ 10 ಸೆಂಟಿನಂತೆ ಕೊಳ್ಳುವ ಹಕ್ಕನ್ನು ಪಡೆದದ್ದು 1980ರಲ್ಲಿ. ಬೆಲೆ ನಾಮಮಾತ್ರದ್ದೇ, ಆದರೆ ಈ ಬಾರಿಯೂ ಹಣ ಪಡೆದವನು ತೋಟದ ಒಡೆಯನೇ, ತೆತ್ತವರು ಅಂದಿನ ಗುಲಾಮರ ವಂಶದವರು.