ಸ್ಟ್ರೀಪಾ ಗಣಿಯಲ್ಲಿ ಒಂಬತ್ತು ದೇಶಗಳು



ಹೊಸೂರು ಕಡೆಯ ನಮ್ಮ ಊರುಗಳಲ್ಲಿ ಬೋರ್‌ವೆಲ್ ಹಾಕಿಸಿದವರಿಗೆಲ್ಲ ಗೊತ್ತಿರುವ ಮಾತಿನಿಂದಲೇ ಶುರು ಮಾಡುತ್ತೇನೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಬೋರ್‌ವೆಲ್ ಸಾಲದ ಕಾಗದಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ಒಂದೇ ಬದುವಿನ ಆಚೆ ಈಚೆ ಇಬ್ಬರು ರೈತರು. ಒಬ್ಬನಿಗೆ ಇನ್ನೂರು ಅಡಿಗೇ ನೀರು ಬಂತು. ಇನ್ನೊಬ್ಬನಿಗೆ ಆರುನೂರು ಅಡಿ ಹೋದರೂ ಬರೀ ಕಲ್ಲಿನ ಧೂಳು. ಕೆಳಗಿರುವುದು ಒಂದೇ ಬಂಡೆ. ಆದರೆ ನೀರು ಹರಿಯುವುದು ಬಂಡೆಯಲ್ಲಿ ಅಲ್ಲ, ಬಂಡೆಯ ಬಿರುಕಿನಲ್ಲಿ. ಬಿರುಕು ಸಿಕ್ಕವನಿಗೆ ನೀರು ಸಿಕ್ಕಿತು, ಸಿಗದವನಿಗೆ ಸಾಲ ಉಳಿಯಿತು.

ಇದೇ ಬಿರುಕಿನ ಗುಟ್ಟನ್ನು ತಿಳಿಯುವುದಕ್ಕಾಗಿ ಒಂಬತ್ತು ದೇಶಗಳು ಒಂದು ಹಳೆಯ ಗಣಿಗೆ ಇಳಿದು ಕೂಡಿ ದುಡಿದ ಚರಿತ್ರೆಯನ್ನು ಈ ದಿನ ನಿಮ್ಮ ಮುಂದೆ ಇಡುತ್ತಿದ್ದೇನೆ. ಅವರು ಹುಡುಕಿದ್ದು ನೀರನ್ನಲ್ಲ. ನೀರು ಸುಳಿಯದ ಜಾಗವನ್ನು. ಏಕೆಂದರೆ ಅಣುವಿದ್ಯುತ್ ಸ್ಥಾವರದ ತ್ಯಾಜ್ಯವನ್ನು ಎಂಥ ಬಂಡೆಯಲ್ಲಿ ಹೂಳಬಹುದು ಎಂಬುದು ಅವರ ಪ್ರಶ್ನೆಯಾಗಿತ್ತು.

ಸ್ಥಾವರದಲ್ಲಿ ಉರಿದು ಮುಗಿದ ಯುರೇನಿಯಂ ಸರಳುಗಳು ಒಲೆಯ ಬೂದಿಯಂತಲ್ಲ. ಹೊರಗೆ ತೆಗೆದ ಮೇಲೂ ಬಿಸಿ ಸೂಸುತ್ತವೆ, ಕಣ್ಣಿಗೆ ಕಾಣದ ವಿಕಿರಣವನ್ನೂ ಸೂಸುತ್ತವೆ. ಅವುಗಳಲ್ಲಿರುವ ಸೀಸಿಯಂ, ಸ್ಟ್ರಾನ್ಷಿಯಂಗಳು ಸುಮಾರು 30 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತವೆ. ಪ್ಲುಟೋನಿಯಂ ಅರ್ಧಕ್ಕೆ ಇಳಿಯಲು ಸುಮಾರು 24,000 ವರ್ಷ ಬೇಕು. ಇಷ್ಟು ಕಾಲ ಕಾವಲಿರಬಲ್ಲ ರಾಜ್ಯವೂ ಇಲ್ಲ, ಬ್ಯಾಂಕೂ ಇಲ್ಲ. ಆದ್ದರಿಂದ ಕಾವಲಿನ ಕೆಲಸವನ್ನು ಆಳದ ಬಂಡೆಗೆ ಒಪ್ಪಿಸಬೇಕು ಎಂದು ವಿಜ್ಞಾನಿಗಳು ಯೋಚಿಸಿದರು. ಬಂಡೆ ಆ ಕೆಲಸಕ್ಕೆ ತಕ್ಕದ್ದೇ ಎಂದು ಪರೀಕ್ಷಿಸಬೇಕಲ್ಲ?

1977ರಲ್ಲಿ ಸ್ವೀಡನ್ ದೇಶ ಒಂದು ಕಾಯಿದೆ ಮಾಡಿತು. ತ್ಯಾಜ್ಯವನ್ನು ಸುರಕ್ಷಿತವಾಗಿ ಇಡುವ ದಾರಿಯನ್ನು ತೋರಿಸದ ಹೊರತು ಹೊಸ ಸ್ಥಾವರಕ್ಕೆ ಇಂಧನ ತುಂಬುವಂತಿಲ್ಲ ಎಂದಿತು. ಜಾಮೀನು ಇಲ್ಲದೆ ಸಾಲ ಮಂಜೂರಾಗದು ಎಂದ ಹಾಗೆ. ಅದೇ ಹೊತ್ತಿಗೆ ಆ ದೇಶದ ನಡುಭಾಗದ ಸ್ಟ್ರೀಪಾ ಎಂಬಲ್ಲಿ ನೂರಾರು ವರ್ಷ ನಡೆದಿದ್ದ ಕಬ್ಬಿಣದ ಗಣಿಯೊಂದು ಮುಚ್ಚಿತ್ತು. ಅದಿರಿನ ಪಕ್ಕದಲ್ಲೇ ಗ್ರಾನೈಟ್ ಬಂಡೆ, ಇಳಿಯಲು ಸಿದ್ಧವಾದ ದಾರಿ. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು ಸ್ವೀಡನ್ನಿನವರ ಜೊತೆ ಸೇರಿ ಅಲ್ಲಿ ಕೆಲಸ ಹಿಡಿದರು.

1980ರಿಂದ ಅದು ಪ್ಯಾರಿಸಿನ ಅಣುಶಕ್ತಿ ಸಂಸ್ಥೆಯ ಆಶ್ರಯದಲ್ಲಿ ಹಲವು ರಾಷ್ಟ್ರಗಳ ಸ್ಟ್ರೀಪಾ ಯೋಜನೆಯಾಯಿತು. ಸ್ವೀಡನ್, ಅಮೆರಿಕ, ಫಿನ್ಲೆಂಡ್, ಜಪಾನ್, ಸ್ವಿಟ್ಜರ್ಲೆಂಡ್, ಕೆನಡಾ, ಫ್ರಾನ್ಸ್, ಬ್ರಿಟನ್, ಸ್ಪೇನ್ ಹೀಗೆ ಬರುಬರುತ್ತಾ ಒಂಬತ್ತು ದೇಶಗಳು ಸೇರಿದವು. ಖರ್ಚು ಹಂಚಿಕೊಂಡರು, ಫಲಿತಾಂಶವನ್ನೂ ಹಂಚಿಕೊಂಡರು. 1992ರವರೆಗೆ ಕೆಲಸ ನಡೆಯಿತು.

ಒಂದು ಮಾತನ್ನು ಗಮನಿಸಬೇಕು. ಅಲ್ಲಿಗೆ ಅಣು ತ್ಯಾಜ್ಯವನ್ನು ತಂದಿಡಲಿಲ್ಲ. ಅದರ ಬದಲು ನೆಲದಿಂದ 340 ಮೀಟರ್ ಆಳದಲ್ಲಿ ವಿದ್ಯುತ್ ಹೀಟರುಗಳನ್ನು ಬಂಡೆಯೊಳಗೆ ಇಳಿಸಿ ಕಾಯಿಸಿದರು. ಒಂದು ಪ್ರಯೋಗದಲ್ಲಿ ಅಳತೆಗಳನ್ನು ಚಿಕ್ಕದು ಮಾಡಿ, ಹತ್ತು ವರ್ಷದ ಬಿಸಿಯ ಪರಿಣಾಮ ಒಂದೇ ವರ್ಷದಲ್ಲಿ ಕಾಣುವಂತೆ ಏರ್ಪಾಡು ಮಾಡಿದ್ದರು. ಬಿಸಿ ಹರಡಿದ ರೀತಿ ಮೊದಲೇ ಹಾಕಿದ್ದ ಲೆಕ್ಕಕ್ಕೆ ತಾಳೆಯಾಯಿತು. ಆದರೆ ಬಂಡೆ ಲೆಕ್ಕದಷ್ಟು ಹಿಗ್ಗಲಿಲ್ಲ. ಬಿರುಕುಗಳು ಆ ಹಿಗ್ಗನ್ನು ನುಂಗಿಕೊಂಡಿದ್ದವು.

ಇನ್ನೊಂದು ಪ್ರಯೋಗದಲ್ಲಿ ಸುರಂಗದ ಮಾಳಿಗೆಗೂ ಗೋಡೆಗೂ 350ಕ್ಕೂ ಹೆಚ್ಚು ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಮೇಲಿನ ಬಂಡೆಗೆ ರಂಧ್ರ ಕೊರೆದು ಬಣ್ಣದ ನೀರು ಬಿಟ್ಟರು. ಯಾವ ಹಾಳೆಗೆ ಎಷ್ಟು ನೀರು, ಯಾವ ಬಣ್ಣ ಎಂದು ಬಹುಕಾಲ ಬರೆದಿಟ್ಟರು. ಬಂಡೆಯೆಲ್ಲ ಒಂದೇ ಸಮ ಜಿನುಗಲಿಲ್ಲ. ಎಷ್ಟೋ ಹಾಳೆಗಳು ಒಣಗಿಯೇ ಇದ್ದವು, ಹೆಚ್ಚಿನ ನೀರು ಕೆಲವೇ ಹಾಳೆಗಳಿಗೆ ಬಂತು. ನಮ್ಮ ಆ ಇಬ್ಬರು ರೈತರ ಅನುಭವವೇ ಅಲ್ಲಿಯೂ! ಆದ್ದರಿಂದ ಬಂಡೆ ಗಟ್ಟಿ ಎಂದಷ್ಟೇ ಹೇಳಿದರೆ ಸಾಲದು, ಅದರ ಬಿರುಕುಗಳು ಎಲ್ಲಿವೆ ಎಂದು ತೋರಿಸಬೇಕು ಎಂಬುದು ಸ್ಪಷ್ಟವಾಯಿತು. ಅದಕ್ಕಾಗಿಯೇ ಕೊಳವೆಯೊಳಗಿನಿಂದ ಬಂಡೆಯನ್ನು ನೋಡುವ ರೇಡಾರ್ ಉಪಕರಣವನ್ನು ಅಲ್ಲಿ ಬೆಳೆಸಿದರು. ಕೊನೆಯ ಹಂತದಲ್ಲಿ, ಸುರಂಗ ತೋಡುವ ಮುಂಚೆಯೇ ಅದಕ್ಕೆ ಎಷ್ಟು ನೀರು ಬರಬಹುದೆಂದು ಬರೆದಿಟ್ಟು, ಆಮೇಲೆ ತೋಡಿ ತಾಳೆ ನೋಡಿದರು.

ಬಿರುಕಿಗೆ ಮದ್ದೇನು? ಬೆಂಟೊನೈಟ್ ಎಂಬ ಜೇಡಿಮಣ್ಣು. ಸೊಲ್ಲಾಪುರ, ಆದೋನಿ ಕಡೆಯ ಬಂಧುಗಳಿಗೆ ಹೇಳಬೇಕಾಗಿಲ್ಲ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದನ್ನು ನೀವು ದಿನವೂ ನೋಡುತ್ತೀರಿ. ಬೆಂಟೊನೈಟ್ ಅದೇ ಗುಣದ, ಇನ್ನೂ ಹೆಚ್ಚು ಉಬ್ಬುವ ಮಣ್ಣು. ನೀರು ತಾಗಿದರೆ ಉಬ್ಬಿ ಸಂದು ಮುಚ್ಚುತ್ತದೆ. ಇದನ್ನೂ ಸ್ಟ್ರೀಪಾದಲ್ಲಿ ಹೀಟರುಗಳ ಸುತ್ತ ತುಂಬಿ ಪರೀಕ್ಷಿಸಿದರು. ತಾಮ್ರದ ಹೊದಿಕೆಯ ಪೆಟ್ಟಿಗೆ, ಅದರ ಸುತ್ತ ಈ ಮಣ್ಣು, ಅದರ ಸುತ್ತ ಬಂಡೆ: ಸ್ವೀಡನ್, ಫಿನ್ಲೆಂಡ್ ದೇಶಗಳು ಇಂದು ಆರಿಸಿಕೊಂಡಿರುವ ಮೂರು ಸುತ್ತಿನ ಕಾವಲು ಇದು.

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ ಇರುತ್ತವೆ. ಇಬ್ಬರೂ ಬಾರದೆ ಬಾಗಿಲು ತೆರೆಯದು. ಯಾರ ಮೇಲೂ ಅನುಮಾನವಿಟ್ಟು ಅಲ್ಲ, ಒಬ್ಬನ ಕಣ್ಣು ತಪ್ಪಿದ್ದು ಇನ್ನೊಬ್ಬನಿಗೆ ಕಾಣಲಿ ಎಂದು. ಸ್ಟ್ರೀಪಾದಲ್ಲಿ ಆದದ್ದೂ ಇದೇ. ಒಂದು ದೇಶದವರ ಲೆಕ್ಕವನ್ನು ಎಂಟು ದೇಶಗಳವರು ನೋಡಿದರು.

ಆದರೆ ಮತ್ತೊಂದು ಬೀಗದ ಕೈ ಇತ್ತು. ಅದು ಊರಿನವರ ಕೈಯಲ್ಲಿತ್ತು. ವಿಜ್ಞಾನಿಗಳು ಇದನ್ನು ತಡವಾಗಿ ಕಂಡುಕೊಂಡರು. 1980ರಲ್ಲಿ ಸ್ವೀಡನ್ನಿನ ಪಶ್ಚಿಮದ ಶಿನ್ನೆಫ್ಯೆಲ್ ಎಂಬ ಬೆಟ್ಟದಲ್ಲಿ ಕೊಳವೆ ಕೊರೆದು ಪರೀಕ್ಷಿಸುವ ಯೋಚನೆ ಬಂತು. ಆ ಊರುಗಳ ಜನ ಒಂದು ಗುಡಿಸಲು ಹಾಕಿಕೊಂಡು ಸರದಿಯ ಮೇಲೆ ಹಗಲಿರುಳು ಕಾವಲು ಕೂತರು. ಒಂದೆರಡು ತಿಂಗಳಲ್ಲ, 2000ನೇ ಇಸವಿಯ ಫೆಬ್ರವರಿಯವರೆಗೆ, ಹತ್ತಿರ ಹತ್ತಿರ ಇಪ್ಪತ್ತು ವರ್ಷ! ಬಂಡೆಯನ್ನು ಕೇಳಿದವರು ನಮ್ಮನ್ನು ಕೇಳಲಿಲ್ಲ ಎಂಬುದೇ ಅವರ ಮಾತು.

ಮುಂದೆ ಪಾಠ ಕಲಿತದ್ದು ಕಾಣುತ್ತದೆ. ಫಿನ್ಲೆಂಡಿನಲ್ಲಿ ಊರಿನ ಸಭೆ ಬೇಡವೆಂದರೆ ಅಲ್ಲಿಗೆ ಮುಗಿಯಿತು. 2000ದ ಜನವರಿಯಲ್ಲಿ ಯೂರಯೋಕಿ ಎಂಬ ಊರಿನ ಸಭೆ 20ಕ್ಕೆ 7 ಮತಗಳಿಂದ ಒಪ್ಪಿತು. 2001ರಲ್ಲಿ ಅಲ್ಲಿನ ಸಂಸತ್ತು ಒಪ್ಪಿತು. 2004ರಲ್ಲಿ ಓಂಕಾಲೊ ಎಂಬ ಸುರಂಗದ ಕೆಲಸ ಶುರುವಾಗಿ ಸುಮಾರು 430 ಮೀಟರ್ ಆಳಕ್ಕೆ ಹೋಯಿತು. 2024ರಲ್ಲಿ ತ್ಯಾಜ್ಯವಿಲ್ಲದೆ ಪ್ರಾಯೋಗಿಕ ಓಟ ಆರಂಭವಾಯಿತು. ಸ್ವೀಡನ್ನಿನಲ್ಲಿ 2018ರಲ್ಲಿ ಪರಿಸರ ನ್ಯಾಯಾಲಯವೊಂದು, ತಾಮ್ರದ ಪೆಟ್ಟಿಗೆ ತುಕ್ಕು ತಾಳುವುದೇ, ಇನ್ನಷ್ಟು ಪುರಾವೆ ಕೊಡಿ ಎಂದು ತಡೆಯಿತು. ನಲವತ್ತು ವರ್ಷದ ಸಂಶೋಧನೆಯ ಮೇಲೂ ಈ ಪ್ರಶ್ನೆ! 2020ರಲ್ಲಿ ಊರಿನ ಸಭೆ ಒಪ್ಪಿ, 2022ರಲ್ಲಿ ಸರ್ಕಾರ ಅನುಮತಿ ಕೊಟ್ಟ ಮೇಲೆಯೇ 2025ರ ಜನವರಿಯಲ್ಲಿ ಫೋರ್ಸ್‌ಮಾರ್ಕಿನಲ್ಲಿ ಕೆಲಸ ಮೊದಲಾಯಿತು.

ಇದು ನಮಗೇಕೆ ಎನ್ನುತ್ತೀರಾ? ಹೊಸೂರಿನಿಂದಲೂ ಮಡಕಶಿರಾದಿಂದಲೂ ಬಹಳ ದೂರವಿಲ್ಲದ ಕೋಲಾರ ಚಿನ್ನದ ಗಣಿಯಲ್ಲಿ, 1980ರ ದಶಕದಲ್ಲಿ, ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರದವರೂ ಇಂಥದೇ ಪ್ರಯೋಗ ಮಾಡಿದ್ದರು. ಕೆಲಸ ನಿಂತ ಭಾಗದಲ್ಲಿ, ಸುಮಾರು ಸಾವಿರ ಮೀಟರ್ ಆಳದಲ್ಲಿ, ಹೀಟರಿಟ್ಟು ಬಂಡೆಯನ್ನು ಪರೀಕ್ಷಿಸಿದರು. 2001ರಲ್ಲಿ ಗಣಿ ಮುಚ್ಚಿತು. 2012ರ ನವೆಂಬರಿನಲ್ಲಿ, ಕೂಡಂಕುಳಂ ಸ್ಥಾವರದ ತ್ಯಾಜ್ಯವನ್ನು ಆ ಗಣಿಗೆ ತರುತ್ತಾರೆಂಬ ಸುದ್ದಿ ಹಬ್ಬಿ ಕೋಲಾರದ ಕಡೆ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲವೆಂದು ಸಂಬಂಧಪಟ್ಟವರು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ನಮ್ಮ ದೇಶದಲ್ಲಿ ಆಳದ ಶಾಶ್ವತ ಉಗ್ರಾಣ ಇನ್ನೂ ಇಲ್ಲ. ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನಲ್ಲಿ ಸೇರಿಸಿ ಗಟ್ಟಿ ಮಾಡಿ, ಕಾವಲಿನಲ್ಲಿ ಇಡುತ್ತಾರೆ. ಮುಂದೊಂದು ದಿನ ಜಾಗ ಹುಡುಕಲೇಬೇಕು. ಹಳೆಯ ಪ್ರಯೋಗದ ಮಾತು ಮೊದಲೇ ಊರಿನವರಿಗೆ ತಿಳಿದಿದ್ದರೆ 2012ರಲ್ಲಿ ಅಷ್ಟು ಭಯ ಹಬ್ಬುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಶಾಖೆಗೆ ಬರುತ್ತಿದ್ದ ಸಾಲದ ಫಾರಂ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತಿತ್ತು. ಮುದುಕರೊಬ್ಬರು ಒಮ್ಮೆ ನನ್ನ ಕೈ ಹಿಡಿದು, "ಏನಪ್ಪಾ, ಇದರಲ್ಲಿ ಏನು ಬರೆದದೆ, ನಮ್ಮ ಮಾತಲ್ಲಿ ಹೇಳು, ಆಮೇಲೆ ಹೆಬ್ಬೆಟ್ಟು ಒತ್ತುತೀನಿ" ಎಂದರು. ಅಂದಿನಿಂದ ಕನ್ನಡದಲ್ಲಿ ಓದಿ ಹೇಳದೆ ನಾನು ಯಾರ ಹೆಬ್ಬೆಟ್ಟನ್ನೂ ಒತ್ತಿಸಲಿಲ್ಲ.

ಬಂಧುಗಳೇ, ಎಂದಾದರೂ ನಿಮ್ಮ ಊರಿನ ಬಂಡೆಯನ್ನು ಅಳೆಯಲು ಯಾರಾದರೂ ಬಂದರೆ ಹೆದರಿ ಓಡಿಸಬೇಡಿ, ಸುಮ್ಮನೆ ತಲೆಯಾಡಿಸಲೂ ಬೇಡಿ. ಬಿರುಕು ಎಲ್ಲಿದೆ ಎಂದು ಕೇಳಿ. ನಿಮ್ಮ ಲೆಕ್ಕವನ್ನು ಬೇರೆ ಯಾರು ತಾಳೆ ನೋಡಿದ್ದಾರೆ ಎಂದು ಕೇಳಿ. ಬೇಡವೆನ್ನುವ ಹಕ್ಕು ನಮಗಿದೆಯೇ ಎಂದು ಕೇಳಿ. ಉತ್ತರವನ್ನು ನಮ್ಮ ಮಾತಿನಲ್ಲೇ ಹೇಳಿ ಎಂದು ಆ ಮುದುಕರಂತೆ ಕೇಳಿ.