ಹುಟ್ಟಿನಿಂದ ಬಂದ ಕಟ್ಟು

1980ರ ಫೆಬ್ರವರಿ 16ರ ಸೂರ್ಯಗ್ರಹಣ ಹಿರಿಯ ಕೇಳುಗರಿಗೆ ನೆನಪಿರಬಹುದು. ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಕಡೆ ಅದು ಪೂರ್ಣಗ್ರಹಣ. ನಮ್ಮ ನಾಗಮಂಗಲದಲ್ಲಿ ಹಗಲು ಮಂಕಾಗುವಷ್ಟು. ಆಗ ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ, ಶನಿವಾರವಾದ್ದರಿಂದ ಊರಿಗೆ ಬಂದಿದ್ದೆ. ನಮ್ಮ ಬೀದಿಯ ಗರ್ಭಿಣಿಯೊಬ್ಬರನ್ನು ಅವರ ಅತ್ತೆ ಕತ್ತಲೆಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಈಳಿಗೆಮಣೆಯನ್ನು ಅಟ್ಟಕ್ಕೆ ಎತ್ತಿಟ್ಟಿದ್ದರು. ಗ್ರಹಣ ಬಿಡುವವರೆಗೆ ಆಕೆ ನೀರನ್ನೂ ಮುಟ್ಟಲಿಲ್ಲ.

ಮುಂಗಾರಿನಲ್ಲಿ ಹೆಣ್ಣುಮಗು ಹುಟ್ಟಿತು. ದೃಷ್ಟಿಯಾಗದಿರಲೆಂದು ಮಕ್ಕಳ ಕಾಲಿಗೆ ಕರಿದಾರ ಕಟ್ಟುತ್ತೇವಲ್ಲ, ಸರಿಯಾಗಿ ಆ ಜಾಗದಲ್ಲಿ, ಎಡಗಾಲಿನ ಸುತ್ತ ಒಂದು ಆಳವಾದ ಗೆರೆ. ಯಾರೋ ದಾರವನ್ನು ಬಿಗಿದು, ಅದರ ಮೇಲೆ ಚರ್ಮ ಬೆಳೆದಂತಿತ್ತು. ಗೆರೆಯ ಕೆಳಗೆ ಪಾದ ಊದಿಕೊಂಡಿತ್ತು. ಬೀದಿಯ ತೀರ್ಪಿಗೆ ತಡವಾಗಲಿಲ್ಲ: ಗ್ರಹಣದ ಹೊತ್ತಿನಲ್ಲಿ ಅವಳು ಏನನ್ನೋ ಮುಟ್ಟಿದ್ದಾಳೆ. ಕಾವಲು ಕೂತಿದ್ದ ಅತ್ತೆಯೂ ಹಾಗೆಯೇ ನಂಬಿದರು.

ಮಗುವನ್ನು ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ಯುವಾಗ, ಊರು ಬಲ್ಲವನೆಂದು ನನ್ನನ್ನು ಜೊತೆಗೆ ಕರೆದರು. ಬಸ್ಸು ಪಾಂಡವಪುರವನ್ನು ದಾಟಿ ಶ್ರೀರಂಗಪಟ್ಟಣದ ಮೇಲೆ ಹೋಯಿತು. ಆ ಕೋಟೆಯ ಆಸುಪಾಸಿನಿಂದ ಹೊರಟ ಒಂದು ಕಥೆಗೂ ನಮ್ಮ ಮಡಿಲಲ್ಲಿದ್ದ ಮಗುವಿಗೂ ನಂಟುಂಟೆಂದು ನನಗೆ ಅಂದು ತಿಳಿದಿರಲಿಲ್ಲ.

ಆ ಕಥೆ ನನಗೆ ದೊರೆತದ್ದು ಬಹಳ ವರ್ಷಗಳ ಮೇಲೆ. 1794ರ ಅಕ್ಟೋಬರ್ ತಿಂಗಳ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಲಂಡನ್ನಿನ ಪತ್ರಿಕೆಯಲ್ಲಿ ‘ಬಿ.ಎಲ್.’ ಎಂಬ ಸಹಿಯುಳ್ಳ ಒಂದು ಪತ್ರವಿದೆ. ಕೋವಾಸ್‌ಜಿ ಎಂಬ ಮರಾಠಿ ಒಕ್ಕಲಿಗ, ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವವನು, 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗು ಕೂರಿಸಿದ. ಕ್ರೂಸೊ, ಫಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು.

ಅವನು ಮಾಡಿದ ಬಗೆಯನ್ನು ಕೇಳಿ. ಮೂಗಿನ ಮೋಟಿಗೆ ಮೇಣದ ತೆಳುಹಾಳೆ ಹೊಂದಿಸಿ ಅಳತೆ ತೆಗೆದ. ಅದನ್ನು ಬಿಡಿಸಿ ಹಣೆಯ ಮೇಲೆ ಹರಡಿ ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಬಿಡಿಸಿದ. ಆದರೆ ಪೂರ್ತಿ ಬಿಡಿಸಲಿಲ್ಲ. ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಉಳಿಸಿ, ಅದರ ಮೇಲೆಯೇ ಚರ್ಮವನ್ನು ತಿರುಗಿಸಿ ಕೆಳಗಿಳಿಸಿದ. ಕಾಚನ್ನು ನೀರಿನಲ್ಲಿ ನೆನೆಸಿ, ಬಟ್ಟೆಯ ಚೂರುಗಳಿಗೆ ಸವರಿ ಅಂಟಿಸಿದ. ನಾಲ್ಕು ದಿನದ ಮೇಲೆ ತುಪ್ಪದ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ, ಹೊಸ ಜಾಗದಲ್ಲಿ ಚರ್ಮ ಬೇರುಬಿಟ್ಟ ಮೇಲೆ, ಆ ಪಟ್ಟಿಯನ್ನು ಕತ್ತರಿಸಿದ. ಸುಶ್ರುತನ ಗ್ರಂಥ ಕೆನ್ನೆಯ ಚರ್ಮವನ್ನು ಹೇಳುತ್ತದೆ, ಇವನದು ಹಣೆ, ತತ್ತ್ವ ಒಂದೇ. ಸ್ಥಳ ಬದಲಿಸುವ ಚರ್ಮಕ್ಕೆ ರಕ್ತ ಬರುವ ದಾರಿಯನ್ನು ಕಡಿಯಬಾರದು.

ಲಂಡನ್ನಿನ ಕಾರ್ಪ್ಯು ಎಂಬ ಶಸ್ತ್ರವೈದ್ಯ ಸುಮಾರು ಇಪ್ಪತ್ತು ವರ್ಷ ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು, ಶವಗಳ ಮೇಲೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಮೊದಲ ಬಾರಿ ಕೈಹಚ್ಚಿದ. 1816ರಲ್ಲಿ ಪುಸ್ತಕವನ್ನೇ ಬರೆದ. ಯೂರೋಪು ಕಣ್ಣುಬಿಟ್ಟಿತು. ಕೋವಾಸ್‌ಜಿಯ ಹೆಸರು ಉಳಿಯಿತು, ನೋಡಿದವರ ಹೆಸರೂ ಉಳಿಯಿತು. ಕೆಲಸ ಮಾಡಿದವನ ಹೆಸರನ್ನು ಮಾತ್ರ ಆ ಪತ್ರ ಹೇಳುವುದಿಲ್ಲ. ಶಾಸನಗಳಲ್ಲಿ ಶಿಲ್ಪಿಯ ಹೆಸರನ್ನು ಹುಡುಕುವ ನನ್ನಂಥವನಿಗೆ ಇದು ಚುಚ್ಚುತ್ತದೆ.

ಈಗ ಮಗುವಿನ ಕಾಲಿಗೆ ಬರೋಣ. ಉಂಗುರದಂತಹ ಆ ಗೆರೆಯನ್ನು ಸುಮ್ಮನೆ ಕೊಯ್ದು ನೇರವಾಗಿ ಹೊಲಿದರೆ, ಮಾಯ್ದ ಗಾಯ ಕುಗ್ಗಿ ಮತ್ತೊಂದು ಉಂಗುರವಾಗುತ್ತದೆ. ಆದುದರಿಂದ ಗೆರೆಯನ್ನು ತೆಗೆದ ಮೇಲೆ ಅಂಚನ್ನು ಅಂಕುಡೊಂಕಾಗಿ ಕೊಯ್ಯುತ್ತಾರೆ. ಚರ್ಮದ ಎರಡು ತ್ರಿಕೋನಗಳು, ಬುಡ ಕಳಚದೆ, ಒಂದರ ಜಾಗಕ್ಕೆ ಇನ್ನೊಂದು ಹೋಗುತ್ತವೆ. ಬಿಗಿಯಾದ ರವಿಕೆಯ ತೋಳಿಗೆ ದರ್ಜಿ ಹೊಸ ಬಟ್ಟೆ ಸೇರಿಸುತ್ತಾನೆ. ಇಲ್ಲಿ ಹೊರಗಿನದೇನೂ ಬೇಡ, ಅಗಲದಲ್ಲಿರುವ ಸಡಿಲವೇ ಉದ್ದಕ್ಕೆ ಒದಗುತ್ತದೆ. ಅರವತ್ತು ಡಿಗ್ರಿಯ ಕೋನವಾದರೆ ಆ ಗೆರೆ ಲೆಕ್ಕಕ್ಕೆ ನೂರಕ್ಕೆ ಎಪ್ಪತ್ತೈದರಷ್ಟು ಉದ್ದವಾಗುತ್ತದಂತೆ. ಇದಕ್ಕೆ ಝಡ್ ಪ್ಲಾಸ್ಟಿ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ರೂಪುಗೊಂಡ ಈ ಕ್ರಮ ಪುಣೆಯ ಆ ಕೈಯಿಂದ ನೇರವಾಗಿ ಇಳಿದು ಬಂದದ್ದೆಂದು ನಾನು ಹೇಳಲಾರೆ. ಬುಡವನ್ನು ಉಳಿಸುವ ಎಚ್ಚರ ಮಾತ್ರ ಎರಡಕ್ಕೂ ಸಮಾನ.

ಅಂದಿನ ವಾಡಿಕೆಯಂತೆ ಮೊದಲು ಅರ್ಧ ಸುತ್ತನ್ನು ಬಿಡಿಸಿದರು. ಉಳಿದರ್ಧವನ್ನು ಮೂರು ತಿಂಗಳ ಮೇಲೆ. ಒಂದೇ ಸಲ ಸುತ್ತಲೂ ಕೊಯ್ದರೆ ಪಾದಕ್ಕೆ ರಕ್ತ ನಿಂತೀತೆಂಬ ಭಯ. ಇಂದು ಅನೇಕರು ಒಂದೇ ಸಲಕ್ಕೆ ಮುಗಿಸುತ್ತಾರೆ. 1997ರಲ್ಲಿ ಅಮೆರಿಕದ ವೈದ್ಯರು ಗರ್ಭದೊಳಗೇ ಇಂಥ ಕಟ್ಟನ್ನು ಬಿಡಿಸಿದ ವರದಿಯೂ ಪ್ರಕಟವಾಯಿತು.

ಕಾರಣದ ವಿಷಯದಲ್ಲಿ ವೈದ್ಯರಲ್ಲಿ ಎರಡು ಮತಗಳಿವೆ. ಭ್ರೂಣದ ಬೆಳವಣಿಗೆಯಲ್ಲೇ ಆದ ದೋಷವೆಂದು ಸ್ಟ್ರೀಟರ್ 1930ರಲ್ಲಿ ವಾದಿಸಿದರು. ಗರ್ಭಚೀಲದ ಒಳಪೊರೆ ಹರಿದು, ಅದರ ಎಳೆಗಳು ಕೈಕಾಲುಗಳಿಗೆ ಸುತ್ತಿಕೊಳ್ಳುತ್ತವೆಂದು ಟಾರ್ಪಿನ್ 1965ರಲ್ಲಿ ಹೇಳಿದರು. 1,200 ಹೆರಿಗೆಗೆ ಒಂದು ಎಂಬಲ್ಲಿಂದ 15,000ಕ್ಕೆ ಒಂದು ಎಂಬವರೆಗೆ ಲೆಕ್ಕಗಳಿವೆ. ಸಾಮಾನ್ಯವಾಗಿ ಇದು ವಂಶದಲ್ಲಿ ಹರಿದು ಬರುವುದಲ್ಲ. ತಾಯಿ ಮಾಡಿದ್ದೋ ಬಿಟ್ಟದ್ದೋ ಇದಕ್ಕೆ ಕಾರಣವೆಂದು ಎರಡು ಮತಗಳೂ ಹೇಳುವುದಿಲ್ಲ.

ಎರಡನೆಯ ಶಸ್ತ್ರಚಿಕಿತ್ಸೆಯ ಮರುದಿನ ಆ ತಾಯಿ ವೈದ್ಯರನ್ನು ಕೇಳಿದ್ದು ಒಂದೇ ಮಾತು: “ಗ್ರಹಣದಿಂದ ಆದದ್ದೇ, ಸ್ವಾಮಿ?” ಅಲ್ಲವೆಂದು ಅವರು ಬಿಡಿಸಿ ಹೇಳಿದರು. ಆಕೆ ನನ್ನ ಕಡೆ ತಿರುಗಿ, “ಇದನ್ನು ನಮ್ಮತ್ತೆಯವರಿಗೆ ನೀವೇ ಹೇಳಬೇಕು” ಎಂದರು.

ಊರಿಗೆ ಬಂದು ಹೇಳಿದೆ. ಆ ಹಿರಿಯರು ಮೊಮ್ಮಗಳ ಕಾಲನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಂಕುಡೊಂಕು ಹೊಲಿಗೆಯ ಮೇಲೆ ಬೆರಳಾಡಿಸಿದರು. ಬಹಳ ಹೊತ್ತಿನ ಮೇಲೆ, “ಇರಬಹುದು ಕಣಪ್ಪ. ಆದರೂ ಮುಂದಿನ ಗ್ರಹಣಕ್ಕೆ ಹುಷಾರಾಗಿರಲಿ” ಎಂದರು.